ನಲವತ್ತೊಂದನೇ ದಿನ

ಹೋಲ್ಮ್‌ಡಾಲ್
ಭಾನುವಾರ, ಫೆಬ್ರವರಿ ೪, ಚರ್ಚಿನಿಂದ ಬಂದಮೇಲೆ

ಮುದ್ದು ಮಾರಿಟ್,

ಹೇಗಿದ್ದೀಯೇ ಮಗಳೇ? ಬೆನ್ನು ನೋವು ಕಮ್ಮಿ ಆಯ್ತಾ? ಹೋದ ಸಲ ಫೋನಲ್ಲಿ ‘ಪರವಾಗಿಲ್ಲ ದೊಡ್ಡಮ್ಮ’ ಅಂದೆಯಲ್ಲ, ಆ ಪರವಾಗಿಲ್ಲ ಎಂಥದ್ದು ಅಂತ ನನಗೆ ಗೊತ್ತು. ನಿಮ್ಮಮ್ಮನೂ ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡು ಅದನ್ನೇ ಅಂತಿದ್ದಳು. ನರ್ಸರಿಯಲ್ಲಿ ಮಣ್ಣಿನ ಮೂಟೆ ನೀನು ಎತ್ತಬೇಡ. ನಿನ್ನನ್ನ ಇಟ್ಟುಕೊಂಡಿರೋದು ಗಿಡ ನೋಡಿಕೊಳ್ಳೋಕೆ, ಹಮಾಲಿ ಮಾಡೋಕಲ್ಲ. ನಿನ್ನ ಮುದಿ ನಾಯಿ ಇನ್ನೂ ಸೋಫಾ ಬಿಟ್ಟುಕೊಟ್ಟಿಲ್ಲ ತಾನೇ? ಬಿಡಬಾರದು, ಈ ವಯಸ್ಸಲ್ಲಿ ನಾನೂ ಬಿಡಲ್ಲ. ಇಲ್ಲಿ ಹಿಮ ಅಡುಗೆಮನೆ ಕಿಟಕಿಯ ಅರ್ಧಕ್ಕೆ ಬಂದು ನಿಂತಿದೆ. ನನ್ನ ಎಡಮಂಡಿ ಮಾತ್ರ ರೇಡಿಯೋದವರಿಗಿಂತ ಒಂದು ದಿನ ಮೊದಲೇ ಹವಾಮಾನ ಹೇಳುತ್ತೆ. ಉಳಿದಂತೆ ಗುಂಡುಕಲ್ಲಿನ ಹಾಗಿದ್ದೀನಿ.

ಗುರುವಾರ ಮತ್ತೆ ರಾಜಧಾನಿಗೆ ಹೋಗಿದ್ದೆ ಕಣೇ. ಇದು ನಾಲ್ಕನೇ ವರ್ಷ. ಲೆನೋರಾ ಗೊತ್ತಲ್ಲ, ನಮ್ಮೂರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಅವಳೇ ಕಾರು ಓಡಿಸಿದ್ದು. ನೂರ ನಲವತ್ತು ಮೈಲಿ, ರಸ್ತೆ ತುಂಬಾ ಗಾಜಿನಂಥ ಹಿಮ, ಅವಳ ಬಾಯಿಗೆ ಮಾತ್ರ ಬ್ರೇಕೇ ಇಲ್ಲ. ಎಗ್ ಸ್ಯಾಂಡ್‌ವಿಚ್ ಕಟ್ಟಿಕೊಂಡು, ಫ್ಲಾಸ್ಕಲ್ಲಿ ಕಾಫಿ ತುಂಬಿಕೊಂಡು ಇಬ್ಬರು ಮುದುಕಿಯರು ಕಾನೂನು ಮಾಡಿಸೋಕೆ ಹೊರಟ್ವಿ. ನಮ್ಮ ಮಸೂದೆ ಮೂರು ಮಾತಿನದು, ನಿನಗೆ ಹೇಳಿದ್ದೀನಿ. ಮಕ್ಕಳ ಮೇಲೆ ಕೈ ಹಾಕಿದ ಅಂತ ದೂರು ಬಂದ ಮೇಷ್ಟ್ರನ್ನ ಗುಟ್ಟಾಗಿ ರಾಜೀನಾಮೆ ಕೊಡಿಸಿ ಕಳಿಸೋ ಹಾಗಿಲ್ಲ. ಅವನಿಗೆ ಒಳ್ಳೆ ನಡತೆಯ ಪತ್ರ ಬರೆದುಕೊಡೋ ಹಾಗಿಲ್ಲ. ಹೊಸ ಶಾಲೆಯವರು ಹಳೇ ಶಾಲೆಯವರನ್ನ ಕೇಳಲೇಬೇಕು, ಕೇಳಿದ್ರೆ ಇವರು ನಿಜ ಹೇಳಲೇಬೇಕು. ಅಷ್ಟೇ. ಇದಕ್ಕೆ ಬೊಕ್ಕಸದ ದುಡ್ಡು ಬೇಡ, ಹೊಸ ಕಟ್ಟಡ ಬೇಡ. ಬಾಯಿ ಬಿಟ್ಟು ನಿಜ ಹೇಳಿ ಅನ್ನೋದಕ್ಕೆ ನಾಲ್ಕು ವರ್ಷ ಬೇಕೇನೇ?

ಅಲ್ಲಿ ಶಾಸಕರ ಕಮಿಟಿ ಮುಂದೆ ಒಬ್ಬೊಬ್ಬರಿಗೂ ಎರಡು ನಿಮಿಷ. ಮೇಜಿನ ಮೇಲೊಂದು ಪುಟ್ಟ ದೀಪ ಇಟ್ಟಿರ್ತಾರೆ, ಮೊದಲು ಹಸಿರು, ಆಮೇಲೆ ಹಳದಿ, ಆಮೇಲೆ ಕೆಂಪು. ಕೆಂಪು ಬಂತೋ, ನಿನ್ನ ಎದೆ ಬಗೆದು ಮೇಜಿನ ಮೇಲೆ ಇಟ್ಟಿದ್ರೂ ಎತ್ತಿಕೊಂಡು ಎದ್ದು ಹೋಗಬೇಕು. ಹಿಂದಿನ ಮೂರು ವರ್ಷವೂ ಹಾಗೇ ಆಯ್ತು. ನಾವು ಮಾತಾಡ್ತೀವಿ, ಅವರು ಫೋನು ಉಜ್ಜಿಕೊಂಡು ಕೂತಿರ್ತಾರೆ, ಕೊನೆಗೆ ‘ತಾವು ದೂರದಿಂದ ಬಂದಿದ್ದೀರಿ, ಧನ್ಯವಾದ’ ಅಂತಾರೆ. ಆಮೇಲೆ ಒಬ್ಬ ಎದ್ದು, ಈ ಮಸೂದೆಯನ್ನ ನಲವತ್ತೊಂದನೇ ದಿನಕ್ಕೆ ಮುಂದೂಡೋಣ ಅಂತಾನೆ. ಎಲ್ಲರೂ ಹೂಂ ಅಂತಾರೆ. ಮೊದಲ ವರ್ಷ ನಾನು ಪೆದ್ದಿ, ಮನೆಗೆ ಬಂದು ಕ್ಯಾಲೆಂಡರಲ್ಲಿ ನಲವತ್ತೊಂದು ದಿನ ಎಣಿಸಿ ಗುರುತು ಹಾಕಿಕೊಂಡೆ. ಲೆನೋರಾ ನೋಡಿ, ‘ಅಯ್ಯೋ ಆರ್ಡಿಸ್, ಅವರ ಅಧಿವೇಶನ ಇರೋದೇ ನಲವತ್ತು ದಿನ ಕಣೇ’ ಅಂದಳು. ಕೊಲ್ಲೋದಾದ್ರೆ ಕತ್ತು ಹಿಸುಕಿ ಕೊಲ್ಲಲಿ. ಬಾರದ ದಿನ ತೋರಿಸಿ, ಮೇಲೆ ಕಾಫಿ ಕುಡಿದು ಹೋಗಿ ಅನ್ನೋದು ಯಾವ ಊರಿನ ಮರ್ಯಾದೆ? ಮೈಯೆಲ್ಲ ಉರಿಯುತ್ತೆ ನನಗೆ.

ಈ ವರ್ಷ ಕಮಿಟಿಗೆ ಹೊಸ ಅಧ್ಯಕ್ಷ ಬಂದಿದ್ದಾನೆ, ರೋಲೆಂಡ್ ಬ್ರೆಕ್ ಅಂತ, ದನ ಸಾಕೋ ಮನುಷ್ಯ. ಕೆಟ್ಟವನಲ್ಲ. ಕೆಟ್ಟವನಾಗಿದ್ರೆ ಬೈದಾದ್ರೂ ಹಗುರ ಆಗ್ತಿದ್ದೆ. ನನ್ನ ಮಂಡಿ ನೋಡಿ ಬಾಗಿಲು ಹಿಡಿದು ನಿಂತ, ತಾನೇ ಕುರ್ಚಿ ಎಳೆದು ಕೊಟ್ಟ. ಮೊದಲು ಶಾಲೆಗಳ ಪರವಾಗಿ ಬಂದಿದ್ದ ವಕೀಲ ಮಾತಾಡಿದ. ಒಳ್ಳೆ ಮೇಷ್ಟ್ರುಗಳ ಮಾನ ಹೋಗುತ್ತೆ, ಕೋರ್ಟು ಕಚೇರಿ ಆಗುತ್ತೆ, ಸುಳ್ಳು ದೂರು ಬಂದ್ರೆ ಗತಿ ಏನು, ಅಂತ ಹರಿಕಥೆ ಹೊಡೆದ. ಮಕ್ಕಳು ಅನ್ನೋ ಮಾತು ಅವನ ಬಾಯಲ್ಲಿ ಬಂದಿದ್ದು ಒಂದೇ ಸಲ, ಅದೂ ತನ್ನ ಮಕ್ಕಳ ಬಾಸ್ಕೆಟ್‌ಬಾಲ್ ಪಂದ್ಯ ಇದೆ, ಬೇಗ ಹೋಗಬೇಕು ಅನ್ನೋವಾಗ. ಆಮೇಲೆ ನನ್ನ ಸರದಿ. ನಿನ್ನ ಹೆಸರು ಎತ್ತಲಿಲ್ಲ ಮಗಳೇ, ನಿನ್ನ ಊರಿನ ಹೆಸರೂ ಎತ್ತಲಿಲ್ಲ. ‘ನನಗೆ ಬೇಕಾದ ಒಂದು ಮಗು’ ಅಂತಷ್ಟೇ ಅಂದೆ. ನಾಲ್ಕು ವರ್ಷವೂ ಅಷ್ಟೇ ಅಂದಿದ್ದೀನಿ.

ಅದಕ್ಕೆ ಬ್ರೆಕ್ ಏನಂದ ಗೊತ್ತಾ? ‘ಅಮ್ಮಾ, ನಮ್ಮ ಕಡೆ ಸಣ್ಣ ಊರುಗಳು, ಎಲ್ಲರಿಗೂ ಎಲ್ಲರೂ ಗೊತ್ತು. ಅಂಥವನಿಗೆ ಒಳ್ಳೆಯವನು ಅಂತ ಪತ್ರ ಬರೆಯೋ ಹೆಡ್‌ಮಾಸ್ಟರ್ ನಮ್ಮ ರಾಜ್ಯದಲ್ಲಿದ್ದಾನೆ ಅಂದ್ರೆ ನಾನು ನಂಬಲ್ಲ. ಒಂದು ಪತ್ರ ತೋರಿಸಿ. ಒಂದೇ ಒಂದು. ತೋರಿಸಿದ್ರೆ ನಾನೇ ಮೊದಲು ಕೈ ಎತ್ತುತ್ತೀನಿ.’ ಆಮೇಲೆ, ಶಾಲೆ ವಿಚಾರ ನಿಮಗೆ ಹೇಗೆ ಗೊತ್ತು ಅಂತ ಕೇಳಿದ. ಮೂವತ್ತೊಂದು ವರ್ಷ ಹೋಲ್ಮ್‌ಡಾಲ್ ಶಾಲೆ ಆಫೀಸಲ್ಲಿ ಟೈಪಿಸ್ಟ್ ಆಗಿದ್ದೆ ಅಂದೆ. ಅವನ ಮುಖ ಅರಳಿತು. ‘ಮತ್ತೆ ನಿಮಗೇ ಗೊತ್ತಲ್ಲ! ಅಷ್ಟು ವರ್ಷದಲ್ಲಿ ಅಂಥ ಪತ್ರ ಒಂದಾದ್ರೂ ಟೈಪ್ ಮಾಡಿದ್ರಾ?’ ಅಂದ. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ನಾನು ಎದ್ದು ಬಂದೆ. ಹಿಂದಿನ ಸಾಲಿನಿಂದ ಲೆನೋರಾ, ‘ದೀಪ ಹತ್ತಿದ್ರೆ ಏನಾಯ್ತು, ಉತ್ತರ ಕೊಡೋಕೆ ಬಿಡಿ ಅವಳಿಗೆ’ ಅಂತ ಕೂಗಿಯೇ ಬಿಟ್ಟಳು. ಬ್ರೆಕ್ ನಕ್ಕು, ಈ ಸಲ ನಲವತ್ತೊಂದನೇ ದಿನಕ್ಕೆ ಕಳಿಸಲ್ಲ, ಬರೋ ಗುರುವಾರದವರೆಗೆ ಮೇಜಿನ ಮೇಲೇ ಇಟ್ಟಿರ್ತೀನಿ ಅಂದ. ಅವತ್ತು ವೋಟು. ಪತ್ರ ಸಿಗದಿದ್ರೆ ಮಸೂದೆಗೆ ಗೋರಿ ತೋಡಿಯೇ ಇದೆ.

ವಾಪಸ್ ಬರೋವಾಗ ಲೆನೋರಾ ದಾರಿಯುದ್ದಕ್ಕೂ, ಎಲ್ಲಿಂದ ತರೋಣ ಪತ್ರ, ಯಾರು ಇಟ್ಟುಕೊಂಡಿರ್ತಾರೆ ಅಂತ ಒಂದೇ ಸಮ ಗೊಣಗಿದಳು. ನಾನು ಚೀಲವನ್ನ ಮಡಿಲಲ್ಲಿ ಅವುಚಿಕೊಂಡು ಕೂತಿದ್ದೆ. ನನಗೆ ಆಫೀಸಿನ ದಿನಗಳೇ ನೆನಪಾಗ್ತಿದ್ವು. ನೀನು ಚಿಕ್ಕವಳಿದ್ದಾಗ ರಜಕ್ಕೆ ಬಂದು ನನ್ನ ಟೈಪ್‌ರೈಟರ್ ಕುಟ್ಟುತ್ತಿದ್ದೆ, ನೆನಪಿದೆಯಾ? ಪತ್ರದ ಕೆಳಗೆ ಎಡಮೂಲೆಯಲ್ಲಿ ಯಾಕೆ ಅಕ್ಷರ ಹಾಕ್ತೀಯ ಅಂತ ಕೇಳಿದ್ದೆ. ಪತ್ರ ಹೇಳಿ ಬರೆಸಿದವರ ಹೆಸರಿನ ಅಕ್ಷರ ದೊಡ್ಡದಾಗಿ, ಟೈಪ್ ಮಾಡಿದವರದು ಚಿಕ್ಕದಾಗಿ. ಅದು ನಮ್ಮ ಕಸುಬಿನ ಪದ್ಧತಿ. ಡ್ವೇನ್ ಕ್ರಾಗ್ ಹೆಡ್‌ಮಾಸ್ಟರಾಗಿದ್ದಾಗ ಡಿ.ಕೆ. ದೊಡ್ಡದು, ಪಕ್ಕದಲ್ಲಿ ಎ.ಎಲ್. ಚಿಕ್ಕದು. ‘ನೀನು ಯಾಕೆ ದೊಡ್ಡಮ್ಮ ಚಿಕ್ಕಕ್ಷರ?’ ಅಂತ ಕೇಳಿ ನಗಿಸಿದ್ದೆ.

ಇವತ್ತು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯೋವಾಗ ಒಬ್ಬಳು ಬಂದು, ‘ಆರ್ಡಿಸ್, ಹಳೇ ಗಾಯ ಯಾಕೆ ಕೆರೀತೀಯ, ದೇವರಿಗೆ ಬಿಡು’ ಅಂದಳು. ಗಾಯ ನಿನ್ನದಾ ಅಂತ ಕೇಳಿದೆ. ಅವಳು ಕೇಕಿನ ತಟ್ಟೆ ಎತ್ತಿಕೊಂಡು ಆಚೆ ಮೇಜಿಗೆ ಹೋದಳು. ಅಲ್ಲಿನ ಅಡುಗೆಮನೆಯಲ್ಲೇ ಅಲ್ವಾ, ನಿಮ್ಮಮ್ಮನ ಮಣ್ಣು ಮುಗಿಸಿ ಬಂದು ಕಪ್ಪು ತೊಳೀತಾ ನೀನು ನನಗೆ ಹೇಳಿದ್ದು. ಹದಿಮೂರನೇ ವಯಸ್ಸಲ್ಲಿ, ಶಾಲೆ ಬ್ಯಾಂಡಲ್ಲಿ ಊದುತ್ತಿದ್ದ ಕ್ಲ್ಯಾರಿನೆಟ್ ಪೆಟ್ಟಿಗೆಗೆ ಹಾಕಿ ಮತ್ತೆ ಯಾಕೆ ತೆಗೀಲಿಲ್ಲ ಅಂತ. ಇಪ್ಪತ್ಮೂರು ವರ್ಷ ನೀನೊಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ‘ಅಮ್ಮನಿಗೆ ಗೊತ್ತಾಗಲಿಲ್ಲ, ಒಳ್ಳೆದಾಯ್ತು’ ಅಂದೆ. ನನ್ನ ಕೈಯಲ್ಲಿದ್ದ ಕಪ್ಪು ಜಾರಿ ಒಡೀತು, ನೀನು ನನಗೇ ಸಮಾಧಾನ ಹೇಳಿದೆ. ಆವತ್ತಿನ ಆ ಸಮಾಧಾನ ಇವತ್ತಿಗೂ ನನ್ನನ್ನ ಸುಡುತ್ತೆ.

ಸರಿ, ಕೈ ನೋಯುತ್ತಿದೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು, ನಾಯಿಗೆ ನನ್ನ ಕಡೆಯಿಂದ ಒಂದು ಬಿಸ್ಕತ್ತು ಹಾಕು. ದೇವರು ನಿನ್ನ ತಲೆ ಮೇಲೆ ಕೈ ಇಟ್ಟಿರಲಿ. ಆಗ ಇಡಲಿಲ್ಲ, ಈಗಲಾದ್ರೂ ಇಡಲಿ.

ನಿನ್ನ ದೊಡ್ಡಮ್ಮ,
ಆರ್ಡಿಸ್ ಲಿಂಡ್‌ವಿಕ್

ಮರೆತ ಮಾತು: ಸುಳ್ಳು, ಮರೆತಿಲ್ಲ. ಇಷ್ಟೂ ಬರೆದಿದ್ದು ಇದನ್ನ ಬರೆಯೋಕೆ ಧೈರ್ಯ ಸಾಲದೆ. ಬ್ರೆಕ್ ಕೇಳಿದ ಪತ್ರ ನನ್ನ ಹತ್ತಿರ ಇದೆ. ಗುರುವಾರ ಮಾತಾಡೋವಾಗಲೂ ನನ್ನ ಚೀಲದಲ್ಲೇ ಇತ್ತು. ನಾಲ್ಕು ವರ್ಷವೂ ಚೀಲದಲ್ಲೇ ಇತ್ತು. ನಿಮ್ಮೂರ ಬ್ಯಾಂಡ್ ಮೇಷ್ಟ್ರು, ಅವನ ಹೆಸರು ಬರೆದ್ರೆ ಪೆನ್ನಿಗೂ ಮೈಲಿಗೆ, ಅವನು ನಿಮ್ಮೂರಿಗೆ ಬರೋ ಮೊದಲು ನಮ್ಮ ಶಾಲೆಯಲ್ಲಿದ್ದ. ಒಂದು ಹುಡುಗಿಯ ತಾಯಿ ಕ್ರಾಗ್ ಕೋಣೆಯಲ್ಲಿ ಕೂತು ಅತ್ತಿದ್ದು ಬಾಗಿಲಾಚೆಯಿಂದ ನನಗೆ ಕೇಳಿಸಿತ್ತು. ವಾರದಲ್ಲಿ ಅವನು ರಾಜೀನಾಮೆ ಕೊಟ್ಟ. ಸದ್ಯ, ಪೀಡೆ ತೊಲಗಿತು ಅಂದುಕೊಂಡ್ವಿ. ಬೀಳ್ಕೊಡುಗೆಗೆ ನಿಂಬೆ ಕೇಕ್ ಮಾಡಿದವಳು ನಾನು. ಕ್ರಾಗ್ ಅವನಿಗೆ ಒಳ್ಳೆ ನಡತೆಯ ಪತ್ರ ಹೇಳಿ ಬರೆಸ್ತಾ ಮಧ್ಯದಲ್ಲಿ ತಡವರಿಸಿ, ಏನಾದ್ರೂ ಒಳ್ಳೆ ಮಾತು ಬೇಕಲ್ಲ ಆರ್ಡಿಸ್ ಅಂದ. ‘ಮಕ್ಕಳ ಜೊತೆ ಅಪಾರ ತಾಳ್ಮೆ’ ಅನ್ನೋ ಮಾತು ಹೇಳಿಕೊಟ್ಟವಳೂ ನಾನೇ. ಅದು ಯಾವ ಊರಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಆದರೆ ಅವನು ನಿಮ್ಮೂರಿಗೆ ಬಂದಾಗ ನಿಮ್ಮಮ್ಮ ಫೋನ್ ಮಾಡಿ, ನಿಮ್ಮ ಶಾಲೆಯವನಂತೆ, ಹೇಗೆ ಅಂತ ಕೇಳಿದಳು. ‘ಟ್ರಂಪೆಟ್ ಚೆನ್ನಾಗಿ ಊದ್ತಾನೆ’ ಅಂದೆ. ಅಷ್ಟೇ ಅಂದೆ, ಮಾರಿಟ್.

ಶಾಲೆ ಮುಚ್ಚಿದಾಗ ಬೀರು ಖಾಲಿ ಮಾಡಿದ್ದು ನಾನು. ಎಲ್ಲ ಕಸಕ್ಕೆ ಹೋಯ್ತು, ಆ ಒಂದು ಕಾರ್ಬನ್ ಕಾಪಿ ಮನೆಗೆ ಬಂತು. ಬರೋ ಗುರುವಾರ ಅದನ್ನ ಬ್ರೆಕ್ ಕೈಗೆ ಕೊಟ್ಟು, ಕೆಂಪು ದೀಪ ಹತ್ತೋ ಮೊದಲು ಅದನ್ನೇ ಓದ್ತೀನಿ. ನಿನ್ನ ಅಪ್ಪಣೆ ಕೇಳ್ತಿಲ್ಲ. ಕೇಳಿದ್ರೆ ನನ್ನ ಭಾರ ಮತ್ತೆ ನಿನ್ನ ಮೇಲೆ ಹಾಕಿದ ಹಾಗೆ. ಕ್ಷಮಿಸು ಅಂತಲೂ ಕೇಳ್ತಿಲ್ಲ. ಪೇಪರಲ್ಲಿ ಓದೋ ಮೊದಲು ನನ್ನಿಂದ ತಿಳೀಲಿ ಅಂತ ನಾಳೆ ಬೆಳಿಗ್ಗೆಯೇ ಅರ್ಜೆಂಟ್ ಟಪಾಲಿಗೆ ಹಾಕ್ತೀನಿ, ಬುಧವಾರ ತಲುಪುತ್ತೆ. ಹೆದರಬೇಡ, ಆ ಪತ್ರದಲ್ಲಿ ನಿನ್ನ ಹೆಸರು ಎಲ್ಲೂ ಇಲ್ಲ. ಕೆಳಗೆ ಎಡಮೂಲೆಯಲ್ಲಿ, ಚಿಕ್ಕಕ್ಷರದಲ್ಲಿ, ನನ್ನದಿದೆ.