ಸೋಂಬನ ಹಾಸಿಗೆ

ಮಾರ್ಚ್ 3, ಬೆಳಿಗ್ಗೆ 7.10

ಸಾರಿ. ಇಂಟರ್ನಲ್ಸ್‌ಗೆ ಓದೋದು ಬಿಟ್ಟು ಹಲ್ಲಿ ಬಗ್ಗೆ ಬರೀತಾ ಕೂತಿದ್ದೀನಿ. ಯಾರ ಹತ್ರ ಸಾರಿ ಕೇಳ್ತಿದ್ದೀನೋ ಗೊತ್ತಿಲ್ಲ.

ರೂಮ್‌ಮೇಟ್ ಅಕ್ಕ ನಿನ್ನೆ ಫೀಲ್ಡ್‌ವರ್ಕ್‌ಗೆ ಹೋದ್ರು. ಹತ್ತು ದಿನ. ಅವರು ಗಾಜಿನ ಪೆಟ್ಟಿಗೇಲಿ ಸಾಕಿರೋ ಗೆಕ್ಕೋ ಹಲ್ಲಿ ನನಗೆ ಗಂಟುಬಿತ್ತು. ಹೆಸರು ಸೋಂಬ — ಸೋಂಬೇರಿಯ ಶಾರ್ಟ್ ಫಾರ್ಮ್. "ಅವನಿಗೇನೂ ಆಗಲ್ಲ ಕಣೇ. ನೀನು ಟೆನ್ಷನ್ ಮಾಡ್ಕೊಂಡು ಸಾಯ್ಬೇಡ, ಅಷ್ಟೇ," ಅಂದು ಹೋದ್ರು ಅಕ್ಕ.

ಮಾಡ್ಕೊಂಡೆ. ಪೆಟ್ಟಿಗೆಯೊಳಗೆ ಬಿಸಿಗೆ ಅಂತಿರೋ ಬಲ್ಬ್ ತಾಗಿ ಸುಟ್ಟೀತು ಅಂತ ಸುತ್ತ ಜಾಲರಿ ಕಟ್ಟಿದೆ. ಒಂದರ ಮೇಲೊಂದಿದ್ದ ಕಲ್ಲು ಇಳಿಸಿದೆ, ಮೇಲೆ ಬಿದ್ರೆ ಅಪ್ಪಚ್ಚಿ. ಗಾಜಿಗೆ ಮೂತಿ ಉಜ್ತಾ ಇದ್ದ, ಹೊರಗಿಂದ ಪೇಪರ್ ಅಂಟಿಸಿದೆ. ಆದ್ರೆ ಕೆಳಗೆ ಬರೀ ನ್ಯೂಸ್‌ಪೇಪರ್... ಹಾಸಿಗೇನೇ ಇಲ್ಲ. ಐದನೇ ಕ್ಲಾಸಿಂದ ಹಾಸ್ಟೆಲ್ಲು ನಾನು. ನನ್ನ ಹಳೇ ಟವೆಲ್ ಹಾಸಿ, ನಾಲ್ಕೂ ಮೂಲೆ ಒಳಗೆ ಸಿಕ್ಕಿಸಿದೆ. ವಾರ್ಡನ್ ಬಂದ್ರೂ ತಪ್ಪು ಸಿಗಲ್ಲ.

ಮಾರ್ಚ್ 4

ಅಕ್ಕನ ಮೆಸೇಜ್: "ಸಾಹೇಬ್ರು ಹೇಗಿದ್ದಾರೆ?" ಸೂಪರ್ ಅಂದೆ. ಟವೆಲ್ ವಿಷಯ ಹೇಳ್ಲಿಲ್ಲ — ಬಂದು ನೋಡ್ಲಿ.

ಮಾರ್ಚ್ 9, ಸಂಜೆ

ಇಂಟರ್ನಲ್ಸ್ ಮುಗೀತು. ನಾನೂ ಮುಗಿದೆ. ನಾಲ್ಕು ದಿನ ಹುಳ ಹಾಕಿ, ನೀರಿಟ್ಟು ಓಡಿದ್ದೇ. ಸರಿಯಾಗಿ ನೋಡ್ಲಿಲ್ಲ.

ಇವತ್ತು ಕುಂಟ್ತಿದ್ದ. ಟವೆಲ್ ದಾರ ಹಿಂಗಾಲಿನ ಬೆರಳಿಗೆ ಸುತ್ಕೊಂಡಿದೆ. ಬೆರಳು ಕಪ್ಪಗೆ. ಕತ್ತರಿ ಹಿಡಿದೆ, ಬೆರಳೇ ಕತ್ತರಿಸಿಬಿಟ್ರೆ ಅಂತ ಇಟ್ಟುಬಿಟ್ಟೆ. ಟವೆಲ್ ಕಿತ್ತೆ, ದಾರ ಬೆರಳಲ್ಲೇ ಉಳೀತು.

"ಸಾಹೇಬ್ರು?" ಅಂತ ಮತ್ತೆ ಅಕ್ಕ.

ಸೂಪರ್ ಅಂದೆ. ಯಾಕಂದೆ...

ಮಾರ್ಚ್ 10, ಮಧ್ಯಾಹ್ನ 12.20, ಕ್ಲಿನಿಕ್ ಬೆಂಚು

ಡಾಕ್ಟ್ರು ಭೂತಗನ್ನಡಿ ಇಟ್ಟು ದಾರ ತೆಗೆದ್ರು.

"ಟವೆಲ್ ಯಾರಮ್ಮ ಹಾಕಿದ್ದು?"

"ನಾನೇ ಸರ್. ಮೆತ್ತಗಿರ್ಲಿ ಅಂತ."

"ಮೆತ್ತಗೆ ಮಲಗೋಕೆ ಇವನೇನು ಮಾವನ ಮನೆಗೆ ಬಂದಿದ್ನಾ? ದಾರ ಬಿಡೋ ಬಟ್ಟೆ ಒಳಗೆ ಇಡಲೇಬಾರದು. ಪೇಪರೇ ಸಾಕಿತ್ತು."

ಬೆರಳು ಸತ್ತಿದೆಯಂತೆ. ಬಿಟ್ರೆ ಪಾದಕ್ಕೆ ಹತ್ತುತ್ತೆ, ಇವತ್ತೇ ತೆಗೀಬೇಕು. ಅರಿವಳಿಕೆ ಕೊಟ್ರೆ ಏಳದೇ ಹೋಗಬಹುದು ಕೂಡ. "ಓನರ್ ಹೂಂ ಅನ್ನದೆ ಮುಟ್ಟಲ್ಲ. ನೀನೇ ಓನರಾ?"

ಅಲ್ಲ.

ಅಕ್ಕನ ಫೋನ್ ನಾಟ್ ರೀಚಬಲ್. ಆರು ಸಲ. ಮೆಸೇಜ್ ಮೂರು ಸಲ ಟೈಪ್ ಮಾಡಿ ಅಳಿಸಿದೆ — ಮೂರರಲ್ಲೂ "ದಾರ ಹೇಗೋ ಬಂತು" ಅಂತಿತ್ತು. ಸುಳ್ಳು ಹೇಳೋಕೂ ಶಕ್ತಿ ಬೇಕು. ಇಲ್ಲಿ ಬರೆದು, ನೋಡ್ಕೊಂಡು ಕಳಿಸ್ತೀನಿ:

ಅಕ್ಕ, ನಿನ್ನೆ ಸೂಪರ್ ಅಂದಿದ್ದು ಸುಳ್ಳು. ಟವೆಲ್ ಹಾಸಿದ್ದು ನಾನು. ಸೋಂಬನ ಒಂದು ಬೆರಳು ತೆಗೀಬೇಕು, ಜೀವಕ್ಕೂ ರಿಸ್ಕ್ ಇದೆ. ಡಾಕ್ಟ್ರು ನಾಲ್ಕು ಗಂಟೆವರೆಗೆ ಕಾಯ್ತಾರೆ. ಬೈಯೋದು ಆಮೇಲೆ ಬೈಯಿರಿ. ಹೂಂ ಅಥವಾ ಬೇಡ — ಬೇಗ ಉತ್ತರ ಕೊಡಿ