ಎಮ್ಮೆ ಈದ ಸುದ್ದಿಯ ಕಾಗದ

ಬಾಗಳಿ
20-8-2007, ಶ್ರಾವಣ ಸೋಮವಾರ

ನನ್ನ ಶಾಂತಕುಮಾರಿಗೆ ಅವ್ವನ ಆಶೀರ್ವಾದಗಳು.

ಕಲ್ಲೇಶ್ವರನಿಗೆ ಹೂವೇರಿಸಿ ಈಗಷ್ಟೇ ಬಂದು ಕುಳಿತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಈ ಸಲ ಶುರು ಮಾಡುವುದಿಲ್ಲ. ಬರುವ ಸೋಮವಾರಕ್ಕೆ ನಿಮ್ಮಪ್ಪ ತೀರಿಕೊಂಡು ನಾಲ್ಕು ವರ್ಷ. ಒಂದು ವರ್ಷವೂ ನೀನು ಪೂಜೆಗೆ ಬಂದಿಲ್ಲ. ಈ ಸಲವಾದರೂ ಬಾ.

ಹೋದ ವಾರ ಹಡಗಲಿಗೆ ಬಂದದ್ದು ಮೈಲಾರದ ಹರಕೆಗೆ ಎಂದೆನಲ್ಲ, ಹರಕೆ ಏನೂ ಇರಲಿಲ್ಲ. ನಿನ್ನನ್ನು ಕರೆಯಲಿಕ್ಕೇ ಬಂದಿದ್ದೆ. ನಿಮ್ಮ ಶಾಲೆಯ ಜವಾನ ನನ್ನನ್ನು ಕಂಪ್ಯೂಟರ್ ಕೋಣೆಯ ಹಿಂದಿನ ಬೆಂಚಿಗೆ ಕೂರಿಸಿದ. ನೀನು ನೋಡಲಿಲ್ಲ. ಇಂಟರ್‌ನೆಟ್ಟಿನಲ್ಲಿ ಶೇಂಗಾ ಬೆಳೆಯ ಬಗ್ಗೆ ಬಂದದ್ದನ್ನು ಮಕ್ಕಳಿಂದ ಓದಿಸುತ್ತಿದ್ದೆ. ಇದರಲ್ಲಿ ಮುಖ್ಯ ವಿಚಾರ ಯಾವುದು, ಅದಕ್ಕೆ ಆಧಾರವಾಗಿ ನಿಂತ ವಿವರಗಳು ಯಾವುವು ಎಂದು ಕೇಳುತ್ತಿದ್ದೆ. ನನ್ನ ಮುಂದಿನ ಪರದೆಯಲ್ಲಿ, ಆ ಬರಹದ ಪಕ್ಕ, ಸೀರೆಯ ಜಾಹೀರಾತು ಮಿಣಮಿಣ ಅನ್ನುತ್ತಿತ್ತು. ನಾನು ಅದನ್ನೇ ಎರಡು ಸಲ ಓದಿದೆ. "ಕುಣಿಯೋದನ್ನ ನೋಡಬ್ಯಾಡ್ರಿ, ಬರದವ್ರು ಏನು ಹೇಳಾಕ ಹೊಂಟಾರ ಅದನ್ನ ಹುಡುಕ್ರಿ" ಎಂದು ನೀನು ಮಕ್ಕಳಿಗೆ ಅಂದೆ. ನನಗೇ ಅಂದ ಹಾಗಾಯಿತು.

ಆಮೇಲೆ ನೀನು ಒಂದು ಕಾಗದವನ್ನು ಇ-ಮೇಲಿನಲ್ಲಿ ಎಲ್ಲ ಕಂಪ್ಯೂಟರಿಗೂ ಕಳಿಸಿದೆ. ಹೆಸರು ತೆಗೆದಿದ್ದೆ. ಆದರೂ ನನ್ನ ಮಾತು ನನಗೆ ಗೊತ್ತಾಗದೆ ಇದ್ದೀತೆ? ಧಾರವಾಡದ ಹಾಸ್ಟೆಲಿಗೆ ನಾನು ನಿನಗೆ ಬರೆದದ್ದು. ಎಲ್ಲರೂ ಕ್ಷೇಮ, ಎಮ್ಮೆ ಈಯಿತು, ಹೆಣ್ಣು ಕರು, ಓಣಿಗೆಲ್ಲ ಗಿಣ್ಣ ಹಂಚಿದೆವು, ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಪರೀಕ್ಷೆ ಚೆನ್ನಾಗಿ ಬರಿ.

ಹುಲುಗಣ್ಣ ಎಂಬ ಹುಡುಗ "ಎಮ್ಮಿದ ಮುಖ್ಯ ರೀ ಮಿಸ್, ಮೂರು ಸಾಲು ಅದರದ್ದ ಐತಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಸರತ ಎಂಬ ಹುಡುಗಿ ನಗಲಿಲ್ಲ. "ಲೇ, ಎಮ್ಮಿ ತೆಗದ್ರೂ ಕಾಗದ ನಿಲ್ತೈತಿ. ಅಪ್ಪಗ ಜಡ್ಡು ಜೋರೈತಿ ರೀ ಮಿಸ್, ಅವ್ವ ಮುಚ್ಚಿಡಾಕತ್ಯಾಳ" ಅಂದಳು. ಹೌದು ಅನ್ನಲು ತಲೆ ಎತ್ತಿದವಳು ನೀನು ನನ್ನನ್ನು ಕಂಡೆ.

ನೀನು ಚಹಾ ಕುಡಿಸಿದೆ, ಮುಂದಿನ ಬಸ್ಸಿಗೇ ಹತ್ತಿಸಿದೆ. ನನಗೆ ಸಿಟ್ಟಿಲ್ಲ. ಆ ಕಾಗದ ಹಾಕಿದ ವಾರಕ್ಕೇ ನಿಮ್ಮಪ್ಪ ಹೋದರು. ನೀನು ಬರುವಷ್ಟರಲ್ಲಿ ಮಣ್ಣಾಗಿತ್ತು. ಮಗಳಿಗೆ ತಿಳಿಸಬೇಡ ಎಂದು ನಿಮ್ಮಪ್ಪನೇ ಅಂದಿದ್ದರು ಎಂದು ನಾನು ಆ ದಿನವೇ ನಿನಗೆ ಹೇಳಿದ್ದೆ. "ಹಂಗಾರ ಅಪ್ಪಗ ನಾ ಬ್ಯಾಡಾಗಿದ್ದೆ" ಎಂದು ಹೋದವಳು ಈ ಹೊಸ್ತಿಲು ತುಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಮಗಳೇ. ಬಾ.

ನಿನ್ನ ದಾರಿ ಕಾಯುವ ಅವ್ವ,
ದಾಕ್ಷಾಯಣಮ್ಮ

ಮರೆತದ್ದಲ್ಲ, ಬಿಟ್ಟದ್ದು: ಲಕೋಟೆ ಅಂಟಿಸಲು ಕೈ ಬರಲಿಲ್ಲ. ನಿಮ್ಮಪ್ಪ ತಿಳಿಸಬೇಡ ಅನ್ನಲಿಲ್ಲ. "ಶಾಂತನ್ನ ಕರಸು, ಒಮ್ಮಿ ನೋಡ್ತೀನಿ" ಎಂದು ದಿನಾ ಕೇಳಿದರು. ಕಾಗದ ಹಾಕೀನಿ, ಬರ್ತಾಳ ಎಂದೆ. ಪರೀಕ್ಷೆ ಬಿಟ್ಟು ಓಡಿ ಬಂದೀಯ ಎಂದು ಹೆದರಿ, ಬಾ ಎಂದು ಬರೆಯದವಳು ನಾನು. ಇಷ್ಟು ಓದಿದ ಮೇಲೆ ನನ್ನ ಮುಖ ನೋಡಬೇಡ, ಅವರ ಪೂಜೆಗೆ ಮಾತ್ರ ಬಾ. ಕೊನೆಯ ದಿನವೂ, ಬಸ್ಸಿನ ಸಪ್ಪಳ ಆದಾಗಲೆಲ್ಲ, ಬಾಗಿಲ ಕಡೆ ಹೊರಳುತ್ತಿದ್ದರು.