ನಮ್ಮ ಹೊಲದ ತಗ್ಗು

೧೨ ಮಾರ್ಚ್ ೨೦೧೪, ಬುಧವಾರ, ಚಂದಾಪುರ

ದೀಪಾವಳಿಯಿಂದ ಬೀದಿಯ ಮನೆಮನೆಗೂ ಹೋಗಿ ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಹೇಳಿಕೊಟ್ಟಿದ್ದೆ. ನಮ್ಮಲ್ಲಿ ಬಾಡಿಗೆಗಿರುವ ವೇಣಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು, ಹಾಲಿನ ಕವರುಗಳನ್ನೂ ತೊಳೆದು ಒಣಗಿಸಿ ಕೊಡುತ್ತಿದ್ದಳು. ಅದೆಲ್ಲ ಎಲ್ಲಿಗೆ ಹೋಗುತ್ತದೆಂದು ಇವತ್ತು ಕೇಳಿದಳು. ತೋರಿಸೋಣವೆಂದು ಸ್ಕೂಟರಿನಲ್ಲಿ ಕಸದ ಟ್ರ್ಯಾಕ್ಟರಿನ ಹಿಂದೆ ಹೋದೆವು.

ಅದು ನಮ್ಮದೇ ಹೊಲಕ್ಕೆ ತಿರುಗಿತು. ರಾಗಿ ಬೆಳೆಯುವುದು ಬಿಟ್ಟ ಮೇಲೆ ನಾನು ಆ ಕಡೆ ಹೋಗಿರಲೇ ಇಲ್ಲ. ಹಸಿಯದು, ಒಣಗಿದ್ದು, ಎಲ್ಲವನ್ನೂ ಒಟ್ಟಿಗೆ ತಗ್ಗಿಗೆ ಸುರಿದರು. ಪಕ್ಕದಲ್ಲಿ ನಿಂತು ಜಾಗ ತೋರಿಸುತ್ತಿದ್ದವರು ನನ್ನ ಮಾವ.

"ತಗ್ಗು ತುಂಬ್ಲಿ ಬುಡಮ್ಮ. ಮ್ಯಾಲೆ ಮಣ್ಣು ಒಡುಸ್ಬುಟ್ರೆ ಸೈಟ್ ಆಯ್ತದೆ" ಎಂದರು, ಏನೂ ಆಗಿಲ್ಲವೆಂಬಂತೆ.

"ಅಕ್ಕ, ನಿಮ್ಗೆ ಗೊತ್ತಿತ್ತಾ?" ಎಂದಳು ವೇಣಿ. ಇಲ್ಲವೆಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಹಿಂದೆಯೇ ಇನ್ನೊಂದು ಟ್ರ್ಯಾಕ್ಟರ್ ಬಂತು. ಸ್ಕೂಟರನ್ನು ಅದಕ್ಕೆ ಅಡ್ಡ ನಿಲ್ಲಿಸಿದೆ. ಮಾವ ಎಷ್ಟು ಕೂಗಾಡಿದರೂ ಕದಲಲಿಲ್ಲ. ಕೊನೆಗೆ ಅದು ತುಂಬಿದ ಹಾಗೇ ವಾಪಸ್ಸು ಹೋಯಿತು. ಎಲ್ಲಿಗೆ ಹೋಯಿತೋ.

ರಾತ್ರಿ ಮಾವ ನಾನು ಬಡಿಸಿದ ಮುದ್ದೆ ಮುಟ್ಟಲಿಲ್ಲ. ಅದು ಹೋಗಲಿ. ವೇಣಿ ನನ್ನನ್ನು ನೋಡಿದ ರೀತಿ ಮಾತ್ರ ಕಣ್ಣಿನಿಂದ ಹೋಗುತ್ತಿಲ್ಲ. ಬೆಳಿಗ್ಗೆ ಅವಳ ಬಾಗಿಲು ತಟ್ಟಿ ಏನೆಂದು ಹೇಳಲಿ?